ಮೊದಲ ಹತ್ತು ನಿಮಿಷ

ಬುಡೇನ್ ಸಾಬ್ ನಲವತ್ತು ವರ್ಷದಿಂದ ಚಳ್ಳಕೆರೆಯ ಟಾಕೀಸಿನಲ್ಲಿ ಬಿಡುಗಡೆಯ ದಿನವೇ ಸಿನಿಮಾ ನೋಡುತ್ತ ಬಂದಿದ್ದರೂ ಒಂದೇ ಒಂದು ಸಿನಿಮಾದ ಆರಂಭವನ್ನೂ ಕಂಡವನಲ್ಲ. ಹೊಸ ಚಿತ್ರ ಬರುವುದು ಶುಕ್ರವಾರ. ಜುಮ್ಮಾ ನಮಾಜು ಇರುವುದೂ ಶುಕ್ರವಾರವೇ. ಮ್ಯಾಟನಿ ಒಂದೂವರೆಗೆ. ಜಾಹೀರಾತು, ಬೀಡಿ ಸಿಗರೇಟಿನ ಎಚ್ಚರಿಕೆ ಎಲ್ಲ ಮುಗಿದು ಕತೆ ಶುರುವಾಗುವುದು ಒಂದು ನಲವತ್ತಕ್ಕೆ. ದೊಡ್ಡ ಮಸೀದಿಯಲ್ಲಿ ನಮಾಜು ಮುಗಿಸಿ, ಟೋಪಿ ಮಡಚಿ ಜೇಬಿಗಿಟ್ಟು, ಎಷ್ಟು ಬಿರುಸಾಗಿ ನಡೆದರೂ ಅವನು ಬಾಗಿಲ ಪರದೆ ಸರಿಸಿ ಒಳಗೆ ಕಾಲಿಡುವ ಹೊತ್ತಿಗೆ ಹತ್ತು ನಿಮಿಷ ಹೋಗಿಬಿಟ್ಟಿರುತ್ತಿತ್ತು.

ಆ ಹತ್ತು ನಿಮಿಷವನ್ನು ಅವನಿಗೆ ಹೇಳುತ್ತಿದ್ದವನು ಮಗ ಇಫ್ತಿಕಾರ್. ಬಸ್ ಸ್ಟ್ಯಾಂಡಿನ ಹಿಂದಿನ ಚಿಕ್ಕ ಮಸೀದಿಯಲ್ಲಿ ನಮಾಜು ಅರ್ಧ ಗಂಟೆ ಮೊದಲೇ ಮುಗಿಯುತ್ತದೆ. ಮಗ ಅಲ್ಲಿಗೆ ಹೋಗಿ, ಅಲ್ಲಿಂದ ಟಾಕೀಸಿಗೆ ಓಡಿ, ಕೆಳಗಿನ ಕ್ಲಾಸಿನಲ್ಲಿ ಕಂಬದ ಪಕ್ಕದ ಎರಡು ಸೀಟು ಹಿಡಿದು, ಒಂದರ ಮೇಲೆ ಕೆಂಪು ಚೌಕಳಿಯ ಕರ್ಚೀಫು ಹಾಸಿರುತ್ತಿದ್ದ. ಅಪ್ಪ ಬಂದು ಕೂತ ಕೂಡಲೇ ಅವನ ಎಡಗಿವಿಗೆ ಬಾಯಿ ಹಚ್ಚುತ್ತಿದ್ದ. ಮೊದಲು ಏನು ಕಂಡಿತು, ಯಾರು ಸತ್ತರು, ಯಾವ ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡಿತು, ಎಲ್ಲ ಸಾಲಾಗಿ. ಬುಡೇನ್ ಸಾಬ್ ಪರದೆಯಿಂದ ಕಣ್ಣು ಕೀಳದೆ “ಆಮೇಲೆ?” ಎನ್ನುತ್ತಿದ್ದ.

“ನೀನೂ ಚಿಕ್ಕ ಮಸೀದಿಗೇ ಬಾ ಅಬ್ಬಾ, ಪೂರಾ ನೋಡಬಹುದು” ಎಂದು ಮಗ ಎಷ್ಟೋ ಸಲ ಹೇಳಿದ್ದ. ಅವನು ಒಪ್ಪಿರಲಿಲ್ಲ. ದೊಡ್ಡ ಮಸೀದಿಯ ಮೂರನೇ ಸಾಲಿನ ಮೂಲೆ ಅವನ ಅಪ್ಪ ನಿಲ್ಲುತ್ತಿದ್ದ ಜಾಗ. ಸಿನಿಮಾಕ್ಕಾಗಿ ಆ ಜಾಗ ಬಿಟ್ಟೆ ಎಂದು ಮೇಲಿನವನಿಗೆ ಹೇಳಲು ಅವನಿಗೆ ನಾಚಿಕೆ.

“ನಮ್ಮ ಬುಡೇನನಿಗೆ ಹೀರೋ ಸೇಡು ತೀರಿಸ್ಕಳ್ಳೋದು ಗೊತ್ತು, ಯಾಕೆ ಅಂತ ಮಾತ್ರ ಗೊತ್ತಿಲ್ಲ” ಎಂದು ಟಾಕೀಸಿನ ಆಪರೇಟರ್ ಬೊಮ್ಮಲಿಂಗಪ್ಪ ಚಾ ಅಂಗಡಿಯಲ್ಲಿ ಹತ್ತು ಜನರ ಮುಂದೆ ಹೇಳಿ ನಗಿಸುತ್ತಿದ್ದ. ಕರೆಂಟು ಕೈಕೊಡುತ್ತಿದ್ದ ಕಾಲದಲ್ಲಿ ಟಾಕೀಸಿನ ಜನರೇಟರ್ ನೋಡಿಕೊಳ್ಳುತ್ತಿದ್ದವನು ಬುಡೇನ್ ಸಾಬ್. ಇಬ್ಬರದೂ ಆಗಿನಿಂದ ಬಂದ ಸಲಿಗೆ.

ಇಫ್ತಿಕಾರ್ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹಿರಿಯೂರು ರಸ್ತೆಯಲ್ಲಿ ಕೆಟ್ಟು ನಿಂತ ಶೇಂಗಾ ಲಾರಿಯೊಂದರ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದವನ ಕಾಲ ಬದಿಯಿಂದ ಯಾವುದೋ ಗಾಡಿ ಬಂತು. ಯಾವ ಗಾಡಿ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇಪ್ಪತ್ತಾರು ವರ್ಷ. ಹುಡುಗಿ ನೋಡುವ ಮಾತು ನಡೆದಿತ್ತು.

ಅಂದಿನಿಂದ ಬುಡೇನ್ ಸಾಬ್ ಟಾಕೀಸಿಗೆ ಹೋಗಿರಲಿಲ್ಲ. ಆದರೆ ಒಂದು ಸಿನಿಮಾಕ್ಕೆ ಕಾಯುತ್ತಿದ್ದ. ಅದರ ಹೆಸರನ್ನು ಅದನ್ನು ಮಾಡಿದವರೇ ಎರಡು ಸಲ ಬದಲಾಯಿಸಿದ್ದರಿಂದ ಮನೆಯಲ್ಲಿ ಅದಕ್ಕೆ ಉಳಿದ ಹೆಸರು ಜೀಪಿನ ಸಿನಿಮಾ.

ಜೀಪು ಕೊಂಡ್ಲಹಳ್ಳಿಯ ರಾಜಣ್ಣನದು. ಅವನ ಅಪ್ಪನ ಕಾಲದ್ದು. ಮೊಳಕಾಲ್ಮುರು ಕಡೆ ಬ್ರಹ್ಮಗಿರಿಯ ಬಂಡೆಗಳ ನಡುವೆ ಶೂಟಿಂಗಿಗೆ ಬಂದವರಿಗೆ ಹಳೇ ಜೀಪು ಬೇಕಾಗಿತ್ತು. ರಾಜಣ್ಣ ಅದನ್ನು ಬಳ್ಳಾರಿ ರಸ್ತೆಯ ಬುಡೇನ್ ಸಾಬ್‌ನ ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಅಪ್ಪ ಮಗ ಇಬ್ಬರೂ ಮೂರು ದಿನ ಅದರ ಮುಂದೆ ಕೂತರು. ಇಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಕೀಲಿ ತಿರುಗಿಸುವ ಮುಂಚೆ ಬಿಸ್ಮಿಲ್ಲಾ ಅನ್ನಬೇಕು, ಗಾಡಿಯ ಮೈಮೇಲೆ ಅಂಗೈಯಲ್ಲಿ ಎರಡು ಸಲ ತಟ್ಟಬೇಕು. ಬುಡೇನ್ ಸಾಬ್‌ಗೆ ಅವನ ಉಸ್ತಾದ್ ಕಲಿಸಿದ್ದು, ಇಫ್ತಿಕಾರನಿಗೆ ಅಪ್ಪ ಕಲಿಸಿದ್ದು. ಜೀಪು ಹೊಗೆ ಉಗುಳಿ ಎದ್ದಿತು. ಆದರೆ ಅದರ ಎರಡನೇ ಗೇರು ಮಾತ್ರ ಹಟಮಾರಿ. ಕ್ಲಚ್ಚನ್ನು ಎರಡು ಸಲ ತುಳಿದು, ಗೇರನ್ನು ಒಂದಿಷ್ಟು ಮೇಲಕ್ಕೆ ಎಳೆದು ಹಾಕಬೇಕು. ಶೂಟಿಂಗಿನ ದಿನ ಬೆಂಗಳೂರಿನಿಂದ ಬಂದಿದ್ದ ಡ್ರೈವರ್ ಪಾತ್ರದವನಿಗೆ ಮಧ್ಯಾಹ್ನದವರೆಗೂ ಅದು ಬೀಳಲಿಲ್ಲ. ಬಿಸಿಲಲ್ಲಿ ಬೆಂದುಹೋಗಿದ್ದ ಡೈರೆಕ್ಟರು ಕೊನೆಗೆ, ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಇಫ್ತಿಕಾರನನ್ನು ನೋಡಿ, ಆ ಅಂಗಿ ಇವನಿಗೆ ಹಾಕಿ ಎಂದ.

ಅವತ್ತು ಸಂಜೆ ಮಗ ಮುಖಕ್ಕೆ ಹಚ್ಚಿದ ಬಣ್ಣ ತೊಳೆಯದೆ ಮನೆಗೆ ಬಂದ. ತಾಯಿ ಚಮನ್ ಬೀ “ಏನೋ ಇದು ಅವತಾರ” ಎಂದು ಬೈದು ತನ್ನ ಸೆರಗಿನಲ್ಲೇ ಒರೆಸಿದಳು. ಕಿವಿಯ ಹಿಂದೆ ಒಂದಿಷ್ಟು ಉಳಿಯಿತು.

“ಡೈಲಾಗು ಇತ್ತೇನೋ?” ಎಂದು ಬುಡೇನ್ ಸಾಬ್ ಕೇಳಿದ.

“ಇತ್ತು ಅಬ್ಬಾ. ಕ್ಯಾಮೆರಾ ನೋಡ್ತಿದ್ದಂಗೆ ಮರ್ತೇ ಹೋತು. ಬಾಯಿಗೆ ಏನ್ ಬಂತೋ ಅದನ್ನ ಅಂದೆ. ಬಾಯಿ ಆಡಿದ್ರೆ ಸಾಕು, ದನಿ ಬೇರೆಯವರದ್ದು ಹಾಕ್ತೀವಿ ಅಂದ್ರು.”

“ಏನಂದೆ?”

“ಟಾಕೀಸಲ್ಲಿ ನೋಡು. ಈ ಸಲ ನಾನ್ ಹೇಳಲ್ಲ.”

“ಸೀನಾದ್ರೂ ಹೇಳಲೇ.”

“ಯಜಮಾನ್ರನ್ನ ಕೂರಿಸ್ಕಂಡು ಓಡಿಹೋಗೋದು. ಹಿಂದೆ ಪೊಲೀಸ್ರು.”

“ಹಂಗಾದ್ರೆ ಕ್ಲೈಮ್ಯಾಕ್ಸು” ಎಂದ ಬುಡೇನ್ ಸಾಬ್. ನಲವತ್ತು ವರ್ಷದ ಅನುಭವ. ಅಟ್ಟಿಸಿಕೊಂಡು ಬರುವುದೆಲ್ಲ ಕೊನೆಗೇ.

ಎರಡು ತಿಂಗಳ ಮೇಲೆ ಮಗ ಹೋದ. ಏನಂದಿದ್ದ ಎಂಬ ಮಾತು ಹಾಗೇ ಉಳಿಯಿತು.

ಅದೊಂದು ಹುಳುವಿನ ಹಾಗೆ ಬುಡೇನ್ ಸಾಬ್‌ನ ತಲೆಯೊಳಗೆ ಸೇರಿತು. ಬೋಲ್ಟು ಬಿಗಿ ಮಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಕೂತುಬಿಡುತ್ತಿದ್ದ. ಏನಂದಿರಬಹುದು? ನನ್ನನ್ನೇನಾದರೂ ಕರೆದನೋ? ಮಗಳು ನಾಜಿಯಾಳ ಫೋನಿನಲ್ಲಿ ಆ ಸಿನಿಮಾದ ಟ್ರೇಲರ್ ಬಂದಾಗ ಅದರಲ್ಲಿ ಮಗನ ಮುಖ ಇರಲಿಲ್ಲ. ಗೇರಿನ ಮೇಲೆ ಒಂದು ಕೈ ಇತ್ತು. ಮಣಿಕಟ್ಟಿನಲ್ಲಿ ಸೈಲೆನ್ಸರ್ ತಗುಲಿ ಸುಟ್ಟ ಕಲೆ. ಕೈ ಗೇರನ್ನು ಮೇಲಕ್ಕೆ ಎಳೆದು ಎರಡಕ್ಕೆ ಹಾಕಿತು, ಅಷ್ಟೇ, ಬೇರೆ ದೃಶ್ಯ ಬಂತು. ಬುಡೇನ್ ಸಾಬ್ ಅದನ್ನು ದಿನಕ್ಕೆ ಎಷ್ಟು ಸಲ ಹಾಕಿಸಿಕೊಂಡನೋ. ಅಡುಗೆಮನೆಯಲ್ಲಿದ್ದ ಚಮನ್ ಬೀಗೆ ಆ ಜೀಪಿನ ಸದ್ದು ಕೇಳಿದೊಡನೆ ಪಾತ್ರೆ ಸದ್ದು ಮಾಡುವ ಅಭ್ಯಾಸವಾಯಿತು.

ಅವಳು ಮಗನ ಫೋಟೋಗಳನ್ನೆಲ್ಲ ನಲವತ್ತನೇ ದಿನವೇ ಟ್ರಂಕಿಗೆ ಹಾಕಿ ಬೀಗ ಹಾಕಿದ್ದಳು. “ಮಣ್ಣು ಕೊಟ್ಟ ಮೇಲೆ ಮುಖ ಎದುರಿಗೆ ಇಟ್ಕಬಾರದು” ಎನ್ನುತ್ತಿದ್ದಳು. “ನಮ್ಮ ದಾದಿ, ನಮ್ಮಪ್ಪನ ಅಮ್ಮ, ಹೇಳೋರು. ಹೋಗೋರು ಮುಂದೆ ನೋಡ್ಕಂಡು ಹೋಗ್ಬೇಕು. ನಾವಿಲ್ಲಿ ಮುಖ ನೋಡ್ತಾ ಕೂತ್ರೆ ಅವರು ಅಲ್ಲಿ ನಿಂತು ಹಿಂದೆ ತಿರುಗಿ ನೋಡ್ತಾರಂತೆ. ಅವನನ್ನ ದಾರೀಲಿ ನಿಲ್ಲಿಸಬ್ಯಾಡ್ರಿ.”

“ಒಂದ್ ಸಲ ಚಮನ್. ಒಂದೇ ಸಲ ನೋಡಿ ಬಿಟ್ಬಿಡ್ತೀನಿ.”

“ಕುಡಿಯೋರೂ ಹಂಗೇ ಅಂತಾರೆ.”

ಮೊದಲೆಲ್ಲ ಅವಳು ಗಂಡನನ್ನು ಮಗನ ಹೆಸರು ಹಿಡಿದು ‘ಇಫ್ತೀ ಕೆ ಅಬ್ಬಾ’ ಎಂದು ಕರೆಯುತ್ತಿದ್ದಳು. ಈಗ ‘ಸುನೋ ಜೀ’ ಅಷ್ಟೇ.

ಸಿನಿಮಾ ಬರಲಿಲ್ಲ. ಯುಗಾದಿಗೆ ಎಂದರು, ಹೋಯಿತು. ಯಾವುದೋ ದೊಡ್ಡ ಹೀರೋನ ಚಿತ್ರ ಅಡ್ಡ ಬಂತು ಎಂದು ಇನ್ನೊಂದು ತಾರೀಖು ಕೊಟ್ಟರು, ಅದೂ ಹೋಯಿತು. ಟಾಕೀಸಿನ ಕಾಂಪೌಂಡಿನ ಮೇಲೆ ‘ಅತಿ ಶೀಘ್ರದಲ್ಲಿ’ ಎಂದು ಅಂಟಿಸಿದ್ದ ಪೋಸ್ಟರ್ ಚಳ್ಳಕೆರೆಯ ಬಿಸಿಲಿಗೆ ಬಿಳಿಚಿ, ಎಣ್ಣೆ ಮಿಲ್ಲಿನ ಧೂಳು ಕೂತು, ಕೆಳಗಿನ ಅಂಚು ಕಿತ್ತು ಗಾಳಿಗೆ ಪಟಪಟ ಅನ್ನುತ್ತಿತ್ತು. ಪ್ರತಿ ಗುರುವಾರ ಬುಡೇನ್ ಸಾಬ್ ಗ್ಯಾರೇಜು ಬಿಟ್ಟು ಬಂದು ಅದರ ಮುಂದೆ ನಿಲ್ಲುತ್ತಿದ್ದ. ಬೇರೆ ಪೋಸ್ಟರುಗಳ ಮೇಲೆ ತಾರೀಖಿನ ಹೊಸ ಚೀಟಿ ಬೀಳುತ್ತಿತ್ತು. ಇದರ ಮೇಲೆ ಬೀಳಲಿಲ್ಲ.

“ಲೇ ಬುಡೇನ, ಆ ಗೋಡೆ ಏನು ನಿಂಗೆ ಬಾಕಿ ಕೊಡಬೇಕೇನೋ?” ಎಂದು ಬೊಮ್ಮಲಿಂಗಪ್ಪ ಮೇಲಿನ ಕಿಟಕಿಯಿಂದ ಕೂಗುತ್ತಿದ್ದ. ಒಂದು ಗುರುವಾರ ಹಾಗೆ ಕೂಗದೆ ಮೆಟ್ಟಿಲಿಳಿದು ಬಂದ. “ನಾಳೆ ಅಲ್ಲ, ಬರೋ ಶುಕ್ರವಾರ. ಮ್ಯಾಟನಿ ಒಂದೇ ಆಟ. ಜನ ಬಂದ್ರೆ ಮುಂದೆ, ಇಲ್ಲಾಂದ್ರೆ ಅವತ್ತೇ ಎತ್ತಿಬಿಡ್ತಾರೆ” ಎಂದ.

ಬುಡೇನ್ ಸಾಬ್ ಮನೆಯಲ್ಲಿ ಆ ಸುದ್ದಿಯನ್ನು ಗೋಡೆಗೆ ಹೇಳುವವನ ಹಾಗೆ ಹೇಳಿದ. ಚಮನ್ ಬೀ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಆ ಶುಕ್ರವಾರ ಅವನು ಇಸ್ತ್ರಿ ಅಂಗಿ ಹಾಕಿದ. ಮಗನ ಕರ್ಚೀಫು ಮಡಚಿ ಜೇಬಿನಲ್ಲಿಟ್ಟುಕೊಂಡ. ಚಿಕ್ಕ ಮಸೀದಿಗೆ ಹೋಗೋಣವೇ ಎಂದು ಒಮ್ಮೆ ಮನಸ್ಸಿಗೆ ಬಂತು. ಯಾಕೆ, ಕೊನೆಯಲ್ಲಿ ಬರುವ ಸೀನಿಗೆ ಮೊದಲೇ ಓಡಿ ಏನು ಮಾಡಬೇಕು ಎಂದು ತನಗೆ ತಾನೇ ಹೇಳಿಕೊಂಡು ದೊಡ್ಡ ಮಸೀದಿಗೇ ಹೋದ. ನಮಾಜು ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಅವನ ಕಾಲು ಖಬರಸ್ತಾನದ ಕಡೆ ತಿರುಗಿತು. ಹದಿನಾಲ್ಕು ತಿಂಗಳಲ್ಲಿ ಒಂದು ಜುಮ್ಮಾ ಕೂಡ ಅವನು ಅಲ್ಲಿಗೆ ಹೋಗುವುದನ್ನು ತಪ್ಪಿಸಿರಲಿಲ್ಲ. ಇವತ್ತು ಮಗನನ್ನು ನೋಡಲು ಹೋಗುತ್ತಾ ಮಗನಿಗೆ ಹೇಳದೆ ಹೋಗುವುದು ಹೇಗೆ? ಬೇವಿನ ಮರದ ಕೆಳಗಿನ ಮಣ್ಣಿನ ಮುಂದೆ ನಿಂತು ಫಾತಿಹಾ ಓದಿದ. ಒಣ ಕಡ್ಡಿಯೊಂದು ಬಿದ್ದಿತ್ತು, ಎತ್ತಿ ಬದಿಗೆ ಹಾಕಿದ. “ಬರ್ತೀನಪ್ಪ, ಕೂತಿರು” ಎಂದ. ಏನು ಅಂದೆ ಎಂದು ಆಮೇಲೆ ತನಗೇ ದಿಗಿಲಾಗಿ ಬೇಗ ಬೇಗ ಹೆಜ್ಜೆ ಹಾಕಿದ.

ಟಾಕೀಸಿನ ಬಾಗಿಲ ಪರದೆ ಸರಿಸಿದಾಗ ಒಳಗಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆಯಲ್ಲಿ ಇನ್ನೊಂದು ಕತ್ತಲೆ ಅಲುಗಿದ ಹಾಗೆ ಕಂಡಿತು. ಅವನು ಗೋಡೆಗೆ ಒತ್ತಿ ನಿಂತು “ಹೋಗಮ್ಮ” ಎಂದು ದಾರಿ ಬಿಟ್ಟ. ಅವಳು ಒಂದು ಗಳಿಗೆ ನಿಂತು, ಮಾತಿಲ್ಲದೆ ಹೋದಳು.

ಕೆಳಗಿನ ಕ್ಲಾಸಿನಲ್ಲಿ ಅಲ್ಲೊಂದು ಇಲ್ಲೊಂದು ತಲೆ. ಕಂಬ ತಡವಿಕೊಂಡು ತಮ್ಮ ಸಾಲಿಗೆ ಹೋದ. ತಾನು ಕೂರುತ್ತಿದ್ದ ಸೀಟಿನಲ್ಲಿ ಕರ್ಚೀಫು ಹಾಸಿ, ಮಗ ಕೂರುತ್ತಿದ್ದ ಸೀಟಿನಲ್ಲಿ ಕೂತ. ಸೀಟು ಬೆಚ್ಚಗಿತ್ತು. ಸುತ್ತ ಹತ್ತು ಮಾರು ಯಾರೂ ಇರಲಿಲ್ಲ. ಕೈಯಿಟ್ಟು ನೋಡಿದ. ಈಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗೆ. ಬರುತ್ತೀನಿ ಕೂತಿರು ಎಂದು ಖಬರಸ್ತಾನದಲ್ಲಿ ಹೇಳಿದ್ದು ನೆನಪಾಯಿತು. ಆ ಬಿಸಿ ಆರಿಹೋಗದಿರಲಿ ಎಂದು ಅಲುಗಾಡದೆ ಕೂತ. ಪರದೆಯ ಮೇಲೆ ಯಾರೋ ಹುಡುಗ ಶಾಲೆಗೆ ಹೋಗುತ್ತಿದ್ದ. ಕತೆ ತಲೆಗೆ ಹತ್ತಲಿಲ್ಲ. ಅವನ ಎಡಗಿವಿ ಮಾತ್ರ, ಯಾರಾದರೂ ಈಗ ಹೇಳಲು ಶುರುಮಾಡುತ್ತಾರೆ ಎನ್ನುವಂತೆ, ಕಾದುಕೊಂಡಿತ್ತು.

ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಬಾಲ್ಕನಿಯಿಂದ ರಾಜಣ್ಣ ಮೆಟ್ಟಿಲು ದಡದಡ ಇಳಿದು ಬಂದ. ಕೊಂಡ್ಲಹಳ್ಳಿಯಿಂದ ಬೆಳಿಗ್ಗೆಯೇ ಹೊರಟು ಬಂದಿದ್ದನಂತೆ.

“ಏಮಯ್ಯಾ ಸಾಬ್! ನೋಡಿದ್ಯಾ ನನ್ನ ಜೀಪು? ಎಂಗ್ ಬಂತು ನೋಡು, ಹುಲಿ ಬಂದಂಗೆ! ನಮ್ಮಪ್ಪ ಇದ್ದಿದ್ರೆ ಕಣ್ಣೀರು ಹಾಕೋನು.”

“ಎಲ್ಲಿ? ಇನ್ನೂ ಬಂದಿಲ್ವಲ್ಲ.”

“ಬಂದಿಲ್ಲ ಅಂದ್ರೆ? ಶುರುವಾಗಿದ್ದೇ ಅದರಿಂದ. ಬಂಡೆ ಮಧ್ಯೆ ಜೀಪು, ಹಿಂದೆ ಪೊಲೀಸು. ಜೀಪು ನಿಂತುಹೋಗ್ತೈತೆ, ಅಲ್ಲಿಂದ ಹಿಂದಿನ ಕತೆ ಹೇಳ್ತಾರೆ…” ರಾಜಣ್ಣ ನಿಲ್ಲಿಸಿದ. ಬುಡೇನ್ ಸಾಬ್‌ನ ಮುಖ ನೋಡಿದ. ಜುಮ್ಮಾ, ಹತ್ತು ನಿಮಿಷ, ಎಲ್ಲ ಅವನಿಗೂ ಗೊತ್ತಿದ್ದದ್ದೇ.

“ಮುಖ ಕಾಣ್ತಾ?”

“ಕಾಣ್ತು ಅಣ್ಣ. ಹತ್ತಿರದಿಂದ ತೋರ್ಸಿದ್ರು.”

“ಏನಂದ? ಬಾಯಿ ಆಡಿತಲ್ಲ, ಏನಂದ?”

ರಾಜಣ್ಣ ತಲೆ ತಗ್ಗಿಸಿದ. “ನಾನು ಜೀಪು ನೋಡ್ತಾ ಕೂತ್ಬಿಟ್ನಣ್ಣ.”

ಬುಡೇನ್ ಸಾಬ್ ಆಪರೇಟರ್ ರೂಮಿನ ಮೆಟ್ಟಿಲು ಹತ್ತಿದ. ಮೊಣಕಾಲು ನೋವು ಎಂದು ಆ ಮೆಟ್ಟಿಲು ಹತ್ತಿ ನಾಲ್ಕು ವರ್ಷವಾಗಿತ್ತು. ಬೊಮ್ಮಲಿಂಗಪ್ಪ ಅವನನ್ನು ನೋಡಿ ಸ್ಟೂಲು ಎಳೆದು ಕೊಟ್ಟ.

“ಬೊಮ್ಮಣ್ಣ, ಮೊದಲ ಹತ್ತು ನಿಮಿಷ ಇನ್ನೊಂದ್ ಸಲ ಬಿಡು.”

“ಆಗಲ್ಲ ಕಣೋ. ಮೊದಲಿನಂಗೆ ರೀಲು ಆಗಿದ್ರೆ ಆ ತುಂಡನ್ನೇ ಕತ್ತರಿಸಿ ನಿನ್ನ ಜೇಬಿಗೆ ಹಾಕ್ತಿದ್ದೆ. ಈಗ ಇದಕ್ಕೆ ಬೆಂಗಳೂರಿಂದ ಬೀಗ. ಕೀಲಿ ಕಳಿಸಿದಷ್ಟು ಹೊತ್ತು ಓಡ್ತೈತೆ. ನಾನಿಲ್ಲಿ ಕಾವಲುಗಾರ ಅಷ್ಟೇ.”

“ನಾಳೆ?”

“ಹನ್ನೊಂದು ಟಿಕೇಟು ಹೋಗೈತೆ ಬುಡೇನ. ಸಂಜೆಗೆ ಬೇರೆ ಸಿನಿಮಾ ಅಂತ ಆಗ್ಲೇ ಫೋನ್ ಬಂತು.” ಬೊಮ್ಮಲಿಂಗಪ್ಪ ಏನೋ ಹೇಳಲು ಹೋಗಿ, ಮಿಷನ್ನಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದ. “ಮುಗಿದ ಮೇಲೆ ಅಲ್ಲಿ ಇಲ್ಲಿ ಕೂರಬ್ಯಾಡ. ಸೀದಾ ಮನೆಗೆ ಹೋಗು. ಮನೆಗೆ ಹೋಗಿ ಚಾ ಕುಡಿ.”

ಬುಡೇನ್ ಸಾಬ್ ಮತ್ತೆ ಬಂದು ಕೂತ. ಅವನಿಗೆ ಇನ್ನೂ ಒಂದು ಆಸೆ. ಕೊನೆಯನ್ನು ಮೊದಲು ತೋರಿಸಿದ ಸಿನಿಮಾ ಕೊನೆಯಲ್ಲಿ ಮತ್ತೆ ಅಲ್ಲಿಗೆ ಬರಲೇಬೇಕು. ಅವನ ಲೆಕ್ಕ ಈ ಸಲ ಸುಳ್ಳಾಗಲಿಲ್ಲ. ಬ್ರಹ್ಮಗಿರಿಯ ಬಂಡೆ ಬಂತು, ಬಿಸಿಲು ಬಂತು. ಅವನು ಎದುರಿನ ಸೀಟಿನ ಬೆನ್ನು ಹಿಡಿದು ಎದ್ದು ನಿಂತೇಬಿಟ್ಟ. ಆದರೆ ಕ್ಯಾಮೆರಾ ಈಗ ಗುಡ್ಡದ ತುದಿಯಲ್ಲಿತ್ತು. ಕೆಳಗೆ ಬೆಂಕಿಪೊಟ್ಟಣದಷ್ಟು ಜೀಪು. ಅದರ ಹಿಂದೆ ಧೂಳು ಎದ್ದಿತು, ಧೂಳು ಜೀಪನ್ನು ಮುಚ್ಚಿತು, ಪರದೆಯನ್ನೆಲ್ಲ ಮುಚ್ಚಿತು. ಅದರೊಳಗೆ ಎಲ್ಲೋ ಮಗ ಗೇರು ಬದಲಿಸುವ ಸದ್ದು. ಎರಡನೆಯದಕ್ಕೆ ಬಿತ್ತು, ಬುಡೇನ್ ಸಾಬ್‌ಗೆ ಅದು ಕೇಳಿಸಿತು. ಆಮೇಲೆ ಹೆಸರುಗಳು ಮೇಲೆ ಹೋಗತೊಡಗಿದವು. ಸಣ್ಣ ಅಕ್ಷರ. ಓದುವುದರೊಳಗೆ ದೀಪ ಹತ್ತಿತು.

ಅವನು ಮನೆಗೆ ಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಮುಗಿದಿತ್ತು. ಗೂಟದಲ್ಲಿ ಚಮನ್ ಬೀಯ ಬುರ್ಖಾ ತೂಗುತ್ತಿತ್ತು. ಅವಳು ಕೇಳದೆಯೇ ಚಾ ತಂದು ಮುಂದಿಟ್ಟಳು.

“ಸಿಕ್ಕಲಿಲ್ಲ” ಎಂದ ಅವನು. “ಮೊದಲೇ ಬಂದು ಹೋತಂತೆ. ನಾನು ಅವನ ಮಣ್ಣಿನ ಹತ್ರ ನಿಂತಿದ್ದೆ, ಅವನು ಅಲ್ಲಿ ಟಾಕೀಸಲ್ಲಿ ಬಂದು ಹೋಗ್ಯಾನೆ.”

ಚಮನ್ ಬೀ ಒಳಗೆ ಹೋಗಲಿಲ್ಲ. ಚಾಪೆಯ ಮೇಲೆ, ಅವನ ಎಡಗಡೆಗೆ ಬಂದು ಕೂತಳು.

“ಮೊದಲು ಕತ್ತಲೆ” ಎಂದಳು.

ಅವನು ಲೋಟವನ್ನು ಕೆಳಗಿಟ್ಟ. ಬಾಗಿಲ ಪರದೆಯ ಹತ್ತಿರ ದಾರಿ ಬಿಟ್ಟದ್ದು, ಬೆಚ್ಚಗಿದ್ದ ಸೀಟು, ಬೊಮ್ಮಲಿಂಗಪ್ಪ ಏನೋ ಹೇಳಲು ಹೋಗಿ ಧೂಳು ಒರೆಸಿದ್ದು, ಒಂದೊಂದೇ ಬಂದು ಅವನ ಮುಂದೆ ಕೂತವು. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ಟಾಕೀಸಿನ ಮೆಟ್ಟಿಲು ತುಳಿದವಳಲ್ಲ. ಎದುರಿನ ಗೋಡೆ ನೋಡುತ್ತ,

“ಆಮೇಲೆ?” ಎಂದ.

“ಆಮೇಲೆ ಬಂಡೆ. ಕಣ್ಣು ಕುಕ್ಕೋ ಬಿಸಿಲು. ಜೀಪು ನಿಂತೈತೆ. ಇವನು ಓಡಿಬಂದು ಕೂತ್ಕಂತಾನೆ. ಖಾಕಿ ಅಂಗಿ, ಯಾರ ಅಳತೆದೋ, ಭುಜ ಜೋತುಬಿದ್ದಿತ್ತು. ಮುಖ ಈ ಗೋಡೆ ಅಷ್ಟು ದೊಡ್ಡದು. ಬೆವರಿತ್ತು. ಇಲ್ಲಿ,” ಅವಳು ತನ್ನ ತುಟಿಯ ಮೇಲೆ ಬೆರಳಿಟ್ಟಳು, “ಇಲ್ಲೆಲ್ಲ ಬೆವರು. ಒರೆಸಾಣ ಅನ್ನಿಸ್ತು.”

“ಏನಂದ?”

“ದನಿ ಯಾರದೋ. ಗಟ್ಟಿಯಾಗಿ ಹಿಡ್ಕಳ್ಳಿ ಯಜಮಾನ್ರೆ ಅಂತ ಗಡುಸು ದನಿ. ಅದು ನನಗೆ ಬೇಕಾಗಿರಲಿಲ್ಲ. ಕಿವಿ ಮುಚ್ಕಂಡು ತುಟಿ ನೋಡ್ದೆ.” ಚಮನ್ ಬೀ ಉಸಿರು ತೆಗೆದುಕೊಂಡಳು. “ಬಿಸ್ಮಿಲ್ಲಾ ಬೋಲ್ಯಾ. ಹೇಳಿ, ಹಿಂಗ್ ಮಾಡ್ದ.”

ಅವಳು ಪಕ್ಕದಲ್ಲಿದ್ದ ಅಕ್ಕಿ ಡಬ್ಬದ ಮೇಲೆ ಅಂಗೈಯಲ್ಲಿ ಎರಡು ಸಲ ತಟ್ಟಿದಳು.

ಬುಡೇನ್ ಸಾಬ್ ತಲೆ ತಗ್ಗಿಸಿದ. ಹೊರಗೆ ಬಳ್ಳಾರಿ ರಸ್ತೆಯಲ್ಲಿ ಲಾರಿಯೊಂದು ಹಾದುಹೋಯಿತು. ಕೊನೆಗೆ ಅವನು, ಕೇಳಲು ಹೆದರುವವನ ಹಾಗೆ, “ಹಿಂದೆ ತಿರುಗಿ ನೋಡಿದ್ನಾ?” ಎಂದ.

“ಇಲ್ಲ. ಅದನ್ನ ನೋಡಾಕೇ ನಾನು ಹೋಗಿದ್ದು. ಪೊಲೀಸ್ರು ಅಷ್ಟು ಕೂಗ್ತಿದ್ರು, ಯಜಮಾನ ಹಿಂದೆ ನೋಡ್ತಿದ್ದ. ಇವನು ಮುಂದೆ ನೋಡ್ಕಂಡೇ ಹೋದ.”

ಚಾದ ಮೇಲೆ ಕೆನೆ ಕಟ್ಟಿತ್ತು. ಅವಳು ಲೋಟ ಎತ್ತಿ ಅವನ ಕೈಗೆ ಕೊಟ್ಟಳು.

“ಕುಡೀರಿ ಇಫ್ತೀ ಕೆ ಅಬ್ಬಾ, ಆರಿಹೋತು.”

ಅವನು ಒಂದು ಗುಟುಕು ಕುಡಿದ. ಬಾಯಿ ಒರೆಸಿಕೊಂಡು, ಕಣ್ಣನ್ನು ಮತ್ತೆ ಎದುರಿನ ಗೋಡೆಗೆ ನೆಟ್ಟು, ಎಡಗಿವಿಯನ್ನು ಅವಳ ಕಡೆ ವಾಲಿಸಿದ.

“ಇನ್ನೊಂದ್ ಸಲ ಹೇಳು. ಮೊದಲಿಂದ.”

“ಮೊದಲು ಕತ್ತಲೆ” ಎಂದಳು ಚಮನ್ ಬೀ.